ಕೆಂಚಜ್ಜಿಯ ಕೈ ಮತ್ತು ಒಂದು ನೀಲಿ ಕಲೆ

ಮನುಷ್ಯನ ಮೈಯಲ್ಲಿ ನಿಜವಾಗಿ ಅವನ ಸ್ವಂತದ್ದು ಅಂತ ಇರುವುದು ಚರ್ಮದ ಒಳಗಿನದು ಮಾತ್ರ ಎಂದು ನನಗೆ ಬಹಳ ದಿನದಿಂದ ಅನುಮಾನ. ಪಿತ್ತಕೋಶದಲ್ಲಿ ಕಲ್ಲಾದರೆ ಯಾರೂ ತಲೆ ಹಾಕುವುದಿಲ್ಲ, ಡಾಕ್ಟರು ನೋಡಿಕೊಳ್ಳಲಿ ಎಂದು ಸುಮ್ಮನಾಗುತ್ತಾರೆ. ಅದೇ ಮೂಗಿನ ಮೇಲೊಂದು ಗುಳ್ಳೆ ಏಳಲಿ, ಹಾಲಿನವನಿಂದ ಹಿಡಿದು ಬಸ್ಸಿನಲ್ಲಿ ಪಕ್ಕ ಕೂತವರವರೆಗೆ ಎಲ್ಲರೂ ಮದ್ದು ಹೇಳುತ್ತಾರೆ. ನನ್ನ ಮೊಣಕೈಯಲ್ಲಿ ಒಂದು ಒರಟು ಕಲೆ ಇದೆ. ಅದಕ್ಕೆ ಬೇವು, ಬೂದಿ, ಹಲ್ಲುಜ್ಜುವ ಪೇಸ್ಟು ಎಲ್ಲವೂ ಆಗಿವೆ. ಕಲೆ ಇನ್ನೂ ಅಲ್ಲೇ ಇದೆ, ಮದ್ದು ಹೇಳಿದವರು ಮಾತ್ರ ಒಬ್ಬೊಬ್ಬರಾಗಿ ಹೊರಟುಹೋದರು. ಮೊನ್ನೆ ನಮ್ಮ ಮೊಮ್ಮಗುವಿಗೆ ಎಣ್ಣೆ ಹಚ್ಚಲು ಬಂದ ಹುಡುಗಿ, ಕೂಸನ್ನು ಬರಿಮೈ ಮಾಡಿ, ಅತ್ತ ಇತ್ತ ತಿರುಗಿಸಿ, ಎಲ್ಲೆಲ್ಲಿ ಕಲೆ, ಎಲ್ಲೆಲ್ಲಿ ಬೊಕ್ಕೆ ಎಂದು ಮೊದಲು ನನಗೆ ತೋರಿಸಿಬಿಟ್ಟಳು. "ಈಗಲೇ ನೋಡ್ಕೊಂಬಿಡಿ ಆಂಟಿ, ಆಮೇಲೆ ನನ್ನ ಮೇಲೆ ಬರಬಾರದು" ಎಂದಳು. ಆ ಮಾತು ಕೇಳಿದ್ದೇ ನನಗೆ ಕೆಂಚಜ್ಜಿ ನೆನಪಾದಳು. ಹುಡುಗಿಗೆ ಕಾಫಿಯ ಜೊತೆ ಚಕ್ಕುಲಿಯನ್ನೂ ಕೊಟ್ಟೆ.

ಎಪ್ಪತ್ತರ ದಶಕದ ಮಾತು. ಚೊಚ್ಚಲ ಬಾಣಂತನಕ್ಕೆ ನಾನು ಹೊಸದುರ್ಗದ ತವರಿಗೆ ಬಂದಿದ್ದೆ. ಅಪ್ಪನದು ಕೊಬ್ಬರಿ ವ್ಯಾಪಾರ, ಆದ್ದರಿಂದ ಮನೆಯಲ್ಲಿ ಎಣ್ಣೆಗೆ ಬರವಿರಲಿಲ್ಲ. ನಮ್ಮ ಯಜಮಾನರು ಹಿರಿಯೂರಿನ ಹತ್ತಿರದ ಮಾರಿಕಣಿವೆಯಲ್ಲಿ ನೀರಾವರಿ ಇಲಾಖೆಯ ಗುಮಾಸ್ತರು. ಅಲ್ಲಿನ ಕ್ವಾರ್ಟರ್ಸಿನಲ್ಲಿ ಒಬ್ಬರೇ ಬೆಳಿಗ್ಗೆ ಉಪ್ಪಿಟ್ಟು, ರಾತ್ರಿ ಬೆಳಗಿನ ಉಪ್ಪಿಟ್ಟು ತಿಂದುಕೊಂಡು ದಿನ ದೂಡುತ್ತಿದ್ದರು. ನನ್ನ ಪಾಡೂ ಅಷ್ಟೇನೂ ಸುಖದ್ದಲ್ಲ. ಕಿವಿಗೆ ಬಟ್ಟೆ ಕಟ್ಟಿ, ಕಿಟಕಿ ಮುಚ್ಚಿ, ಬೆಳ್ಳುಳ್ಳಿ ತಿನ್ನಿಸಿ, ಬಾಯಾರಿಕೆ ಎಂದರೆ ಗುಟುಕು ನೀರು ಕೊಡುತ್ತಿದ್ದರು. ಸೆರೆಮನೆಯಲ್ಲಿ ಕೈದಿಗಳಿಗೆ ಗಾಳಿಯಾದರೂ ಸಿಗುತ್ತದೆ ಎಂದು ಅಮ್ಮನಿಗೆ ಹೇಳಿ ಬೈಸಿಕೊಂಡಿದ್ದೆ. ಆ ದಿನಗಳಲ್ಲಿ ನನಗಿದ್ದ ಒಂದೇ ಸುಖವೆಂದರೆ ಕೆಂಚಜ್ಜಿ ಹಾಕುವ ನೀರು.

ಕೆಂಚಜ್ಜಿ ಊರಾಚೆಯ ಹಟ್ಟಿಯವಳು. ಮಕ್ಕಳು ಕುರಿ ಕಾಯುತ್ತಿದ್ದರು. ಗಂಡ ತೀರಿಕೊಂಡ ಮೇಲೆ ಅವಳು ಬಾಣಂತಿಯರಿಗೂ ಕೂಸುಗಳಿಗೂ ಎಣ್ಣೆ ತಿಕ್ಕಿ ನೀರು ಹಾಕುವ ಕೆಲಸ ಹಿಡಿದಿದ್ದಳು. ಕೈ ದೊಡ್ಡದು, ಬೆರಳು ಗಂಟುಗಂಟು, ಆದರೆ ಕೊಬ್ಬರಿ ಎಣ್ಣೆ ಮುಟ್ಟಿತೋ ಆ ಕೈ ಬೇರೆಯದೇ ಆಗಿಬಿಡುತ್ತಿತ್ತು. ಬಚ್ಚಲಲ್ಲಿ ಮಣೆ ಹಾಕಿಕೊಂಡು, ಕಾಲು ಚಾಚಿ, ಕೂಸನ್ನು ಕಾಲ ಮೇಲೆ ಬೋರಲು ಹಾಕಿ ತಿಕ್ಕಲು ಶುರು ಮಾಡಿದರೆ ಅದು ಅಳುವುದನ್ನೂ ಮರೆತು ಆಕಳಿಸುತ್ತಿತ್ತು. ಎಣ್ಣೆಗೆ ಕೈ ಹಾಕುವ ಮುಂಚೆ ಅವಳು ಮೈಯನ್ನು ಬೆಳಕಿಗೆ ಹಿಡಿದು ನೋಡುವಳು. ಬೆವರುಸಾಲೆ ಇದ್ದರೆ ಅವತ್ತು ಎಣ್ಣೆ ಇಲ್ಲ, ಬರೀ ನೀರು. ಕುರು ಎದ್ದಿದ್ದರೆ ಅದರ ಸುತ್ತ ನಾಲ್ಕು ಬೆರಳು ದೂರ. ಕಜ್ಜಿ ಇದ್ದ ಮನೆಗೆ ದಿನದ ಕೊನೆಗೆ ಹೋಗಿ, ಬೇವಿನ ನೀರಿನಲ್ಲಿ ಕೈ ತೊಳೆದು ನೇರ ಹಟ್ಟಿಗೆ. ಹುಳುಕಡ್ಡಿಯವರನ್ನು ಮುಟ್ಟುವುದೇ ಇಲ್ಲ. ಒಮ್ಮೆ ನಮ್ಮ ಚಿಕ್ಕಪ್ಪ ಬೆನ್ನು ನೋವೆಂದು ಅಂಗಿ ಬಿಚ್ಚಿ ಕೂತಾಗ, ಅವಳು ಒಂದು ಸಲ ನೋಡಿ, "ಮೊದಲು ಮುಲಾಮು ಹಚ್ಕಳ್ರಿ ಗೌಡ್ರೇ. ಈ ಬೆನ್ನು ತಿಕ್ಕಿ ಆ ಕೂಸಿನ ಬೆನ್ನು ತಿಕ್ಕಿದ್ರೆ ಊರಿಗೆಲ್ಲ ನಿಮ್ಮದೇ ಬೆನ್ನಾಗತೈತೆ" ಎಂದಿದ್ದಳು. ಚಿಕ್ಕಪ್ಪ ಅಂಗಿ ತೊಟ್ಟುಕೊಂಡು ಎದ್ದುಹೋದವರು ಆಮೇಲೆ ತಿಂಗಳುಗಟ್ಟಲೆ ಬಚ್ಚಲ ಕಡೆ ಸುಳಿಯಲಿಲ್ಲ.

ಈಗ ವಿಷಯಕ್ಕೆ ಬರುತ್ತೇನೆ. ನನ್ನ ಮಗಳು ಹುಟ್ಟುವಾಗಲೇ ಸೊಂಟದ ಕೆಳಗೆ ಅಂಗೈಯಗಲದ ನೀಲಿ ಕಲೆ ಹೊತ್ತು ಬಂದಿದ್ದಳು. ನೇರಳೆ ಹಣ್ಣು ಅರೆದು ಮೆತ್ತಿದಂಥ ಬಣ್ಣ. ಬಹಳ ಕೂಸುಗಳಿಗೆ ಹೀಗೆ ಇರುತ್ತದೆ, ಬರಬರುತ್ತ ಮಾಸುತ್ತದೆ, ಅಪರೂಪಕ್ಕೆ ಕೆಲವರಿಗೆ ಉಳಿದೂಬಿಡುತ್ತದೆ ಎಂದು ಈಗ ಎಲ್ಲರಿಗೂ ಗೊತ್ತು. ಆಗ ನಮಗೆ ಯಾರಿಗೂ ಗೊತ್ತಿರಲಿಲ್ಲ. ಅಮ್ಮ ನೋಡಿ ಗಾಬರಿಯಾಗಿ, ಯಾರಿಗೂ ಹೇಳಬೇಡವೆಂದು ನನಗೆ ಹೇಳಿ, ತಾನೇ ಇಬ್ಬರಿಗೆ ಹೇಳಿ ಬಂದಳು. ನನಗೆ ಮಾತ್ರ ಗಾಬರಿಯಾಗಲಿಲ್ಲ, ಒಳಗೊಳಗೇ ಸಂತೋಷವೇ ಆಯಿತು. ಯಾಕೆಂದರೆ ಅಂಥದೇ ಕಲೆ, ಅದೇ ಜಾಗದಲ್ಲಿ, ನಮ್ಮ ಯಜಮಾನರಿಗೂ ಇತ್ತು. ಅವರು ಪಂಚೆ ಉಡುವ ಜಾಗಕ್ಕಿಂತ ಸ್ವಲ್ಪ ಕೆಳಗೆ. ಇದಕ್ಕಿಂತ ಹೆಚ್ಚಿನ ವಿವರ ಈ ವಯಸ್ಸಿನಲ್ಲೂ ನನ್ನ ಕೈಯಲ್ಲಿ ಬರೆಯಲಾಗದು.

ಕೂಸನ್ನು ನೋಡಲು ಭರಮಸಾಗರದಿಂದ ನಮ್ಮ ಅತ್ತೆ ಬಂದರು. ಬಂದವರೇ ಕೈಕಾಲು ತೊಳೆದು, ತೊಟ್ಟಿಲಿನಿಂದ ಕೂಸನ್ನೆತ್ತಿ, ಬಟ್ಟೆ ಸರಿಸಿ ನೋಡಿದರು. ಆಮೇಲೆ ಅವರು ಕೂಗಿದ್ದು ಎದುರುಮನೆಗೂ ಕೇಳಿಸಿತು.

"ಇದೇನ್ರೀ ಬೀಗರೇ, ಕೂಸಿನ ಸೊಂಟ ಹಿಂಗೆ ಕಂದಿಹೋಗೈತೆ! ಯಾರು ಇದನ್ನ ಹಿಂಡಿದ್ದು?"

ಹಿಂಡುವ ಕೆಲಸ ಮನೆಯಲ್ಲಿ ಇದ್ದದ್ದು ಒಬ್ಬಳಿಗೇ. ಹಂಡೆಗೆ ಸೌದೆ ಒಟ್ಟುತ್ತಿದ್ದ ಕೆಂಚಜ್ಜಿಯನ್ನು ಕರೆಸಿದರು. ಅವಳು ಸೆರಗಿಗೆ ಕೈ ಒರೆಸಿಕೊಳ್ಳುತ್ತ ಬಂದು, "ಇದು ಹುಟ್ತಾಲೇ ಐತೆ ತಾಯಿ. ಕೆಲವು ಕೂಸಿಗೆ ಇರ್ತಾವೆ" ಎಂದಳು. ಅಮ್ಮನೂ ನಾನೂ ಹೌದೆಂದೆವು, ಅತ್ತೆ ಕಿವಿಗೇ ಹಾಕಿಕೊಳ್ಳಲಿಲ್ಲ.

"ಇಷ್ಟು ದೊಡ್ಡದು ಎಲ್ಲಾದ್ರೂ ನೋಡೀಯೇನು?"

ಕೆಂಚಜ್ಜಿ ಸುಳ್ಳು ಹೇಳಲಾರದವಳು. ಸ್ವಲ್ಪ ಯೋಚಿಸಿ, "ಇಷ್ಟು ದೊಡ್ಡದು ನೋಡಿಲ್ಲ" ಎಂದುಬಿಟ್ಟಳು.

"ನನಗೆ ಹೇಳಾಕೆ ಬರಬ್ಯಾಡ. ನನ್ನ ಮಗನಿಗೂ ಒಬ್ಬಳು ಹಿಂಗೇ ಮಾಡಿದ್ಲು. ಅವಳನ್ನ ಬಿಡಿಸಿದೆ, ಕಲೆ ಹೋತು. ನೀನೂ ನಾಳೆಯಿಂದ ಬರಬ್ಯಾಡವ್ವಾ."

ಕಲೆ ಹೋಗಿಲ್ಲ ಎಂದು ಆ ಮನೆಯಲ್ಲಿ ಖಚಿತವಾಗಿ ಗೊತ್ತಿದ್ದವಳು ನಾನೊಬ್ಬಳೇ. ಮಗ ದೊಡ್ಡವನಾಗಿ ಬಚ್ಚಲ ಬಾಗಿಲು ಹಾಕಿಕೊಳ್ಳಲು ಶುರು ಮಾಡಿದ ಮೇಲೆ ಅತ್ತೆ ನೋಡುವುದನ್ನು ಬಿಟ್ಟಿದ್ದರು, ಅಷ್ಟೇ. ಆದರೆ ಆ ಕಾಲದಲ್ಲಿ ಹಗಲು ಹೊತ್ತು ಗಂಡನ ಎದುರು ನಿಂತು ಮಾತಾಡಿದರೇ ಹಿರಿಯರು ಕೆಮ್ಮುತ್ತಿದ್ದರು. ಅಂಥದ್ದರಲ್ಲಿ ಗಂಡನ ಯಾವ ಜಾಗದಲ್ಲಿ ಏನಿದೆ ಎಂದು ಅವರ ತಾಯಿಗೇ ಹೇಳುವ ಸೊಸೆ ಇನ್ನೂ ಹುಟ್ಟಿರಲಿಲ್ಲ. ಆದರೂ ಧೈರ್ಯ ಮಾಡಿ, "ನಿಮ್ಮ ಕಡೆಯವರಿಗೆಲ್ಲ ಹೀಗೇ ಇರುತ್ತೇನೋ ಅತ್ತೆ" ಎಂದೆ. "ನಮ್ಮ ಕಡೆಯವರದ್ದು ನೀ ಎಲ್ಲಿ ನೋಡಿದೆ?" ಎಂದು ಅವರು ತಿರುಗಿದರು. ನಾನು ಕಿವಿಯ ಬಟ್ಟೆಯನ್ನು ಬಿಗಿ ಮಾಡಿಕೊಂಡು ಗೋಡೆಯ ಕಡೆ ಹೊರಳಿದೆ.

ಕೆಂಚಜ್ಜಿ ಜಗಳವಾಡಿದ್ದರೆ ನನಗೆ ಇಷ್ಟು ಸಂಕಟವಾಗುತ್ತಿರಲಿಲ್ಲ. ಅವಳು ಹೋಗುವ ಮುಂಚೆ ನನ್ನ ಕೋಣೆಯ ಬಾಗಿಲಲ್ಲಿ ನಿಂತು ತನ್ನ ಎರಡೂ ಕೈಗಳನ್ನು ತಿರುಗಿಸಿ ನೋಡಿಕೊಂಡಳು. "ವಯಸ್ಸಾತು ಮಗಾ. ಕೈ ಎಷ್ಟು ಬಿಗಿ ಬೀಳತೈತೆ ಅಂತ ಈಗೀಗ ನನಗೇ ಗೊತ್ತಾಗ್ತಿಲ್ವೇನೋ" ಎಂದಳು. ಹುಟ್ಟುವಾಗಲೇ ಇದ್ದ ಕಲೆಯನ್ನು ಕಣ್ಣಾರೆ ಕಂಡವಳಿಗೇ ತನ್ನ ಕೈಯ ಮೇಲೆ ಅನುಮಾನ ಬಂದಿತ್ತು. ಸುದ್ದಿ ಬೀದಿಯಲ್ಲಿ ಹರಡಲು ಹೊತ್ತು ಹಿಡಿಯಲಿಲ್ಲ. ಹಿಂದಿನ ಬೀದಿಯ ಬಾಣಂತಿಯ ಮನೆಯವರು ಬೇರೆ ಯಾರನ್ನೋ ಗೊತ್ತು ಮಾಡಿಕೊಂಡರು. ಕೂಸು ಹಿಂಡುವವಳು ಎಂಬ ಹೆಸರು ಒಮ್ಮೆ ಅಂಟಿದರೆ ಕೆಂಚಜ್ಜಿಯನ್ನು ಹೊಸದುರ್ಗದಲ್ಲಿ ಯಾರೂ ಬಚ್ಚಲಿಗೆ ಬಿಡುತ್ತಿರಲಿಲ್ಲ. ಇತ್ತ ಅತ್ತೆ ತಾವೇ ಕೂಸಿಗೆ ನೀರು ಹಾಕಲು ನಿಂತರು. ಕೂಸು ಕಿರುಚಿದ ಕಿರುಚಾಟಕ್ಕೆ ಅಪ್ಪ ತಿಂಡಿಗೂ ನಿಲ್ಲದೆ ಅಂಗಡಿಗೆ ಹೊರಡತೊಡಗಿದರು. ಕಲೆ ಮಾತ್ರ ಇದ್ದಲ್ಲೇ ಇತ್ತು. "ಹೋಗತೈತೆ, ಹೋಗತೈತೆ" ಎಂದು ಅತ್ತೆ ಅದಕ್ಕೆ ಗದರುತ್ತಿದ್ದರು.

ಶನಿವಾರ ಸಂಜೆ ಹಿರಿಯೂರಿನ ಬಸ್ಸಿಗೆ ಯಜಮಾನರು ಬಂದಿಳಿದರು. ತೊಟ್ಟಿಲು ತೂಗುವ ನೆಪದಲ್ಲಿ ಹತ್ತಿರ ಬಂದಾಗ ಎಲ್ಲವನ್ನೂ ಪಿಸುಗುಟ್ಟಿದೆ.

"ನನಗೆ ಕಲೆಯೇ? ಯಾವ ಕಲೆ?" ಎಂದರು. ಪಾಪ, ಅವರಿಗೆ ಗೊತ್ತೇ ಇರಲಿಲ್ಲ. ಗಡ್ಡ ಕೆರೆದುಕೊಳ್ಳುವ ಅಂಗೈಯಗಲದ ಕನ್ನಡಿಯಲ್ಲಿ ಮನುಷ್ಯನಿಗೆ ತನ್ನ ಹಿಂಭಾಗ ಎಲ್ಲಿ ಕಾಣಬೇಕು?

"ನೀವೇ ನಿಮ್ಮಮ್ಮನಿಗೆ ಹೇಳಿಬಿಡಿ."

"ನನಗೆ ಕಾಣದ್ದು ನನಗೆ ಹೇಗೆ ಗೊತ್ತಾಯ್ತು ಅಂತ ಕೇಳಿದರೆ ಏನು ಹೇಳಲಿ? ನೀನೇ ಹೇಳು."

"ನಾನು ಹೇಳಿದರೆ ನಿನಗೆ ಹೇಗೆ ಗೊತ್ತು ಅಂತಾರೆ."

ಇಬ್ಬರೂ ತೊಟ್ಟಿಲ ಎರಡು ಬದಿಗೆ ನಿಂತು ತೂಗಿದೆವು. ಇಬ್ಬರೂ ಸೇರಿ ಒಂದು ಕೂಸನ್ನೇ ಲೋಕಕ್ಕೆ ತಂದಿದ್ದೆವು, ಒಂದು ಮಾತು ಹೊರಗೆ ತರುವುದು ಮಾತ್ರ ಇಬ್ಬರಿಂದಲೂ ಆಗಲಿಲ್ಲ. ಕೊನೆಗೆ ನನಗೇ ಒಂದು ಉಪಾಯ ಹೊಳೆಯಿತು. ಬೆಳಿಗ್ಗೆ ಅತ್ತೆಗೆ ಕೇಳುವಂತೆ ಅಮ್ಮನಿಗೆ, "ಬಸ್ಸಿನ ಕುಲುಕಾಟಕ್ಕೆ ಇವರಿಗೆ ಸೊಂಟ ಹಿಡಿದಿದೆಯಂತೆ ಅಮ್ಮಾ. ಕೆಂಚಜ್ಜಿಯೂ ಇಲ್ಲ, ಎಣ್ಣೆ ಯಾರು ತಿಕ್ಕುತ್ತಾರೋ" ಎಂದೆ.

"ಯಾಕೆ, ಹೆತ್ತೋಳು ನಾನು ಸತ್ತಿದೀನೇನು?" ಎಂದು ಅತ್ತೆ ಸೀರೆ ಎತ್ತಿಕಟ್ಟಿ ಎದ್ದರು.

ಮುಂದಿನದ್ದನ್ನು ನಾನು ಬಚ್ಚಲ ಬಾಗಿಲ ಹೊರಗೆ ಕೂಸನ್ನು ಹೊತ್ತು ನಿಂತು ಕೇಳಿಸಿಕೊಂಡೆ. ಉಪಾಯ ನನ್ನದೇ ಎಂದು ತಿಳಿಯದ ಯಜಮಾನರು ಮೊದಲು ಬೇಡ ಎಂದರು, ಆಮೇಲೆ ಬೇಡವೇ ಬೇಡ ಎಂದರು. "ಲೇ, ಪಂಚೆ ಯಾಕೆ ಹಂಗೆ ಹಿಡ್ಕಂಡೀಯ? ಬಿಡೋ ಕೈ! ನಿನ್ನ ಎತ್ತಿ ಆಡಿಸ್ದೋಳು ನಾನು" ಎಂದು ಅತ್ತೆ ಗದರಿದರು. ಸ್ವಲ್ಪ ಹೊತ್ತು ಎಣ್ಣೆ ತಿಕ್ಕುವ ಸದ್ದು. ಆಮೇಲೆ ಚೊಂಬು ಕಲ್ಲಿನ ಮೇಲೆ ಬಿದ್ದು ಉರುಳಿತು.

"ಅಯ್ಯೋ! ಇದು ಹೋಗೇ ಇಲ್ಲ!"

ಅತ್ತೆ ಹೊರಗೆ ಬಂದಾಗ ಕೈಯೆಲ್ಲ ಎಣ್ಣೆ. ಯಾರನ್ನೂ ನೋಡದೆ ಜಗುಲಿಯ ಮೇಲೆ ಕೂತರು. "ಅವತ್ತು ನಾ ಬಿಡಿಸಿದ್ನಲ್ಲ, ಬಸಮ್ಮ ಅಂತ ಆಯಮ್ಮನ ಹೆಸರು. ಮೂರು ಮನೆ ತಪ್ಪಿಸ್ದೆ ನಾನು ಅವಳಿಗೆ. ಈಗ ಹೋಗಿ ಹೇಳಾಣ ಅಂದ್ರೆ ಅವಳೇ ಇಲ್ಲ" ಎಂದರು. ಆ ಹೊತ್ತಿನವರೆಗೆ ಅತ್ತೆಯೆಂದರೆ ನನಗೆ ಭಯವಿತ್ತು, ಆಮೇಲೆ ಪ್ರೀತಿಯೂ ಹುಟ್ಟಿತು.

ಕೈಯ ಎಣ್ಣೆಯನ್ನೂ ತೊಳೆಯದೆ ಅವರು ಹಟ್ಟಿಗೆ ನಡೆದರು. ಕೆಂಚಜ್ಜಿಯ ರಟ್ಟೆ ಹಿಡಿದು, ಬೇಕೆಂತಲೇ ನೀರಿನ ನಲ್ಲಿಯ ಮುಂದೆ ಹಾಯ್ದು, ಕೊಡ ಹಿಡಿದು ನಿಂತವರಿಗೆಲ್ಲ ಕೇಳುವಂತೆ, "ಈಯಮ್ಮನ ಕೈ ತಪ್ಪಲ್ರವ್ವಾ, ಇದು ನಮ್ಮ ವಂಶದ ಗುರುತು! ನನ್ನ ಮಗನಿಗೂ ಅದೇ ಜಾಗದಾಗೆ ಐತೆ, ಈಗ ತಾನೇ ನೋಡಿ ಬಂದೆ" ಎಂದು ಸಾರುತ್ತ ಕರೆತಂದರು. ಕೆಂಚಜ್ಜಿಯ ಹೆಸರು ಉಳಿಯಿತು. ಯಜಮಾನರದ್ದು ಹೋಯಿತು. ಹೋಟೆಲಿಗೆ ಕಾಫಿಗೆಂದು ಹೋದವರು ಅರ್ಧಕ್ಕೇ ಎದ್ದು ಬಂದು, ಮಧ್ಯಾಹ್ನದ ಬಸ್ಸಿಗೇ ಮಾರಿಕಣಿವೆಗೆ ಹೊರಟರು.

ಅತ್ತೆ ಕ್ಷಮೆ ಕೇಳಲಿಲ್ಲ. ಆ ಪೀಳಿಗೆಯವರಿಗೆ ಅದು ಬಾಯಲ್ಲಿ ಬರುತ್ತಿರಲಿಲ್ಲ. ಬಚ್ಚಲ ಬಾಗಿಲಲ್ಲಿ ಕೂತು, ಸೀರೆ ಮೊಣಕಾಲಿಗೆ ಸರಿಸಿ, "ಇದಕ್ಕೂ ಒಂಚೂರು ಎಣ್ಣೆ ತಿಕ್ಕವ್ವಾ, ಹತ್ತಾಕೆ ಇಳಿಯಾಕೆ ಆಗವಲ್ದು" ಎಂದು ಕಾಲು ಚಾಚಿದರು. ಕೆಂಚಜ್ಜಿ ಆ ಕಾಲನ್ನೂ ಬೆಳಕಿಗೆ ಹಿಡಿದು ನೋಡಿಯೇ ಎಣ್ಣೆಗೆ ಕೈ ಹಾಕಿದಳು. ತಿಕ್ಕಿಸಿಕೊಳ್ಳುತ್ತಲೇ ಅತ್ತೆ ನನ್ನನ್ನು ಕರೆದು, "ಅಲ್ಲ ಕಣೇ, ಗಂಡನ ಮೈಮೇಲೆ ಇಷ್ಟು ದೊಡ್ಡ ಗುರುತು ಐತಲ್ಲ, ನಿನಗೇನೂ ಗೊತ್ತಿರಲಿಲ್ವೇನು?" ಎಂದು ಕೇಳಿದರು.

ನಾನು ನೆಲ ನೋಡುತ್ತ, "ಇಲ್ಲ ಅತ್ತೆ, ನನಗೇನು ಗೊತ್ತು" ಎಂದೆ. ಅವರು ಮೆಚ್ಚಿ ತಲೆದೂಗಿದರು. ಸೊಸೆಯ ಮರ್ಯಾದೆ ಉಳಿಯಿತೆಂದು ನಾನೂ ಹಿಗ್ಗಿದೆ.

ಅವರು ಎದ್ದುಹೋದ ಮೇಲೆ ನನ್ನ ಸರದಿ. ಕೆಂಚಜ್ಜಿ ನನ್ನ ನೆತ್ತಿಗೆ ಎಣ್ಣೆ ಹಾಕಿ ತಟ್ಟುತ್ತ ಕಿವಿಯ ಹತ್ತಿರ ಬಗ್ಗಿದಳು.

"ಗೊತ್ತೇ ಇರ್ಲಿಲ್ಲೇನವ್ವಾ? ಹಂಗಾದ್ರೆ ಈ ಕೂಸನ್ನ ನಿಮ್ಮತ್ತೆ ಸಂತೆಯಾಗೆ ತಂದು ಕೊಟ್ರೇನು?"

ನಾನು ಮುಖ ಮುಚ್ಚಿಕೊಂಡೆ. ಮುಖ ಯಾಕೆ ಹಾಗೆ ಕೆಂಪಾಗಿದೆ ಎಂದು ಬಾಗಿಲಿಂದ ಅಮ್ಮ ಕೇಳಿದಾಗ, ನೀರು ಬಿಸಿ ಜಾಸ್ತಿಯಾಯಿತು ಎಂದೆ. ಕೆಂಚಜ್ಜಿ ಇನ್ನೂ ಒಂದು ಚೊಂಬು ನೀರನ್ನೂ ಹುಯ್ದಿರಲಿಲ್ಲ.