ನಮ್ಮ ಅಂಗಳದ ಮೇಲಷ್ಟೇ ಸುರಿದ ಮಳೆ

ಮಾರ್ಚ್ ೨೧, ಶುಕ್ರವಾರ. ಮಧ್ಯಾಹ್ನ ಮೂವತ್ತೊಂಬತ್ತು ಡಿಗ್ರಿ ಬಿಸಿಲು. ಸಂಜೆ ಹತ್ತು ನಿಮಿಷ ಆಲಿಕಲ್ಲು. ಬಸವಕಲ್ಯಾಣದ ನಮ್ಮ ಅಂಗಳದಲ್ಲಿ ಟೊಮೆಟೊ ಗಿಡಗಳು ಸಾಷ್ಟಾಂಗ ಬಿದ್ದವು.

ಋತುಗಳು ಶಿಸ್ತು ಮರೆತರೂ ನಾನು ಮರೆಯಲಾರೆ ಎಂದು ಅಂದೇ ಘೋಷಿಸಿದೆ. ಪ್ಲಾಸ್ಟಿಕ್ ಬಾಟಲಿಯ ಕತ್ತು ಕೊಯ್ದು, ಮಿಲಿಮೀಟರ್ ಗುರುತು ಹಾಕಿ, ತುಳಸಿಕಟ್ಟೆಯ ಮೇಲೆ ಮಳೆಮಾಪಕವನ್ನು ಪ್ರತಿಷ್ಠಾಪಿಸಿದೆ. ಹತ್ತು ಮಿಲಿಮೀಟರ್ ದಾಟಿದ ದಿನ ಗಿಡಗಳಿಗೆ ನೀರಿಲ್ಲ. ಹೆಂಡತಿ ಮನೀಷಾ ಹುಮನಾಬಾದಿನಲ್ಲಿ ಶಿಕ್ಷಕಿ. ಹೋಗುವುದು ಬೆಳಕಾಗುತ್ತಲೇ, ಬರುವುದು ದೀಪ ಹಚ್ಚುವ ಹೊತ್ತಿಗೆ. ಆಕೆ ಕೇಳಿದ್ದು ಒಂದೇ: ಮಲ್ಲಿಗೆಯನ್ನು ಉಳಿಸಬೇಕು. ಅದು ಅವಳ ತಾಯಿ ತವರೂರು ನಿರ್ಣಾದಲ್ಲಿ ನೆಟ್ಟಿದ್ದ ಬಳ್ಳಿಯ ಕೊನೆಯ ಕುಡಿ. ಹೋದರೆ ಇನ್ನೊಂದಿಲ್ಲ.

ಮರುದಿನ ಬೆಳಿಗ್ಗೆ ಆರೂವರೆಗೆ ಮಾಪಕದಲ್ಲಿ ಹನ್ನೆರಡು ಮಿಲಿಮೀಟರ್. ಡೈರಿಯಲ್ಲಿ ಬರೆದುಕೊಂಡು ಬಾಟಲಿ ಖಾಲಿ ಮಾಡಿದೆ. ಅದರ ಮರುದಿನವೂ ಅಷ್ಟೇ. ನೆಲ ಮಾತ್ರ ಒಣಗಿತ್ತು. ಮಾಪಕ ಸುಳ್ಳು ಹೇಳದು. ಹಾಗಾಗಿ ನನಗೆ ಮೊದಲು ನೆಲದ ಮೇಲೆ ಸಂಶಯ ಬಂತು. ನಂತರ ಗಾಳಿಯ ಮೇಲೆ. ಐದನೆಯ ದಿನ, ಗೋಡೆಯ ಆಚೆ ಪೈಪು ಹಿಡಿದು ಬೈಕು ತೊಳೆಯುವ ನೆರೆಯ ಶಂಕರಲಿಂಗನ ಮೇಲೆ. ನಿಮ್ಮಲ್ಲಿ ಮಳೆ ಎಷ್ಟಾಯಿತೆಂದು ನಯವಾಗಿಯೇ ವಿಚಾರಿಸಿದೆ.

ಆತ ಆಕಾಶ ನೋಡಿ, ನನ್ನನ್ನೂ ನೋಡಿದ. "ಯಾವ ಮಳಿ ಸರ್? ನಿಮ್ಮನಿಗೆ ಬ್ಯಾರೆ ಮೋಡ ಹಚ್ಚಿಸ್ಕೊಂಡೀರೇನ್ರಿ?"

ಅಪರಾಧಿಗಳೇ ಹೀಗೆ ತಮಾಷೆ ಮಾಡುವುದು. ಅಂದೇ ಗೋಡೆಯ ಮೇಲೆ ತಗಡು ಏರಿಸಿದೆ. ಮರುದಿನವೂ ಹನ್ನೆರಡು ಮಿಲಿಮೀಟರ್.

ಎಂಟನೆಯ ಸಂಜೆ ಮನೀಷಾ ಮಲ್ಲಿಗೆಯ ಮುಂದೆ ಬಗ್ಗಿದಳು. ಎಲೆ ಮುಟ್ಟಿದರೆ ಪುಡಿಯಾಗುತ್ತಿತ್ತು.

"ನೀರ್ ಹಾಕೀರೇನ್ರಿ?"

"ಎಂಟು ದಿನದಾಗ ತೊಂಬತ್ತಾರು ಮಿಲಿಮೀಟರ್ ಮಳಿ ಆಗ್ಯದ. ಬರ್ದಿಟ್ಟೀನಿ."

"ಹಂಗಾರ ಡೈರಿದಾಗೇ ಹೂ ಬಿಡಸ್ಕೊಡ್ರಿ."

ಮರುದಿನ ನಸುಕಿನಲ್ಲೇ ಎದ್ದು ಪರದೆಯ ಹಿಂದೆ ನಿಂತೆ. ಶಂಕರಲಿಂಗ ಬರಲಿಲ್ಲ. ಬಂದದ್ದು ನನ್ನ ಅವ್ವ, ಕೇಶರಬಾಯಿ. ಸ್ನಾನ ಮುಗಿಸಿ, ತಾಮ್ರದ ತಂಬಿಗೆಯಿಂದ ತುಳಸಿಗೆ ನೀರೆರೆದಳು. ಉಳಿದುದನ್ನು ಭಕ್ತಿಯಿಂದ ಬಾಟಲಿಗೆ ಸುರಿದು ಕೈಮುಗಿದಳು.

ನಾನು ಹೊರಗೆ ಧಾವಿಸಿದೆ. ಅವ್ವ ಶಾಂತವಾಗಿ ಹೇಳಿದಳು: "ನೀ ಅದನ್ನ ಇಟ್ಟ ಸಂಜಿಯಿಂದ್ಲೂ ಅದರ ಮುಂದ ಮೊಣಕಾಲೂರಿ ಕುಂತು, ಒಂದು ಕಣ್ಣ್ ಮುಚ್ಚಿ, ಏನೋ ಎಣಿಸ್ತಿದ್ದಿ. ಯಾವ್ದೋ ವ್ರತ ಹಿಡ್ದಿ ಅನ್ಕೊಂಡೆ. ಕೇಳಿದ್ರ ಫಲ ಹೋಗ್ತದಂತ ಕೇಳ್ಲಿಲ್ಲಪ್ಪ."

ಹಿಂದೆ ನಿಂತಿದ್ದ ಮನೀಷಾ ನಗಲಿಲ್ಲ. ಕತ್ತರಿ ತಂದು ಒಣಗಿದ ಕೊಂಬೆಗಳನ್ನೆಲ್ಲ ಕತ್ತರಿಸಿದಳು. ಬುಡದಲ್ಲಿ ಬೆರಳುದ್ದ ಹಸಿರು ಉಳಿದಿತ್ತು. ಅವ್ವನ ಕೈಯಿಂದ ತಂಬಿಗೆ ತೆಗೆದುಕೊಂಡು ಅದಕ್ಕೆ ನೀರೆರೆದಳು. ಇನ್ನು ಮೇಲೆ ನಾನು ಆ ಗಿಡದಿಂದ ಮೂರು ಮಾರು ದೂರದಲ್ಲಿರಬೇಕೆಂದು ನಿರ್ಣಯವಾಗಿದೆ.

ಖರ್ಚು: ತಗಡು, ನಾನೂರ ಐವತ್ತು ರೂಪಾಯಿ. ತಂತಿ, ಮೂವತ್ತು. ಮಲ್ಲಿಗೆಗೆ ಗೊಬ್ಬರ, ಅರವತ್ತು. ಪೂಜೆಗೊಂಡದ್ದನ್ನು ಹಾಗೇ ಕಿತ್ತೊಗೆಯಬಾರದೆಂದು ಅವ್ವ ಅಪ್ಪಣೆ ಮಾಡಿದ್ದರಿಂದ, ಬಾಟಲಿಯ ಉದ್ವಾಸನೆಗೆ ತೆಂಗಿನಕಾಯಿ, ಮೂವತ್ತೈದು.