ಪರದೆಯ ಬದನೆಕಾಯಿ

ಫ್ರೇಮಣ್ಣನ ಪಾಲಿಗೆ ಬದನೆಕಾಯಿ ಬಂದದ್ದೇ ಎಲ್ಲಕ್ಕೂ ಮೂಲ. ಅದರ ಬದಲು ಎಲೆಕೋಸೋ ಸೌತೆಕಾಯಿಯೋ ಬಂದಿದ್ದರೆ ಅವನ ಭಾನುವಾರ ಎಲ್ಲರ ಭಾನುವಾರದಂತೆ ಆಕಳಿಸುತ್ತ ಕಳೆದುಹೋಗುತ್ತಿತ್ತು.

ಫ್ರೇಮಣ್ಣ ಎಂಬುದು ಹೆತ್ತವರು ಇಟ್ಟ ಹೆಸರಲ್ಲ, ಕನ್ನಡಕದ ಅಂಗಡಿಯಲ್ಲಿ ಫ್ರೇಮುಗಳ ಕಪಾಟಿನ ಮುಂದೆ ನಿಂತು ನಿಂತು ಬಂದ ಹೆಸರು. ಹಗಲು ಕಂಡವರ ಮೂಗಿಗೆ ಕನ್ನಡಕ ಕೂರಿಸುತ್ತಿದ್ದ ಇವನು, ಮನೆಗೆ ಬಂದರೆ ಕಂಪ್ಯೂಟರಿನ ಮುಂದೆ ಕೂತು ವಿಷುಯಲ್ ನಾವೆಲ್ ಮಾಡುತ್ತಿದ್ದ. ಅದು ಅರ್ಧ ಕಾದಂಬರಿ, ಅರ್ಧ ಆಟ. ಪರದೆಯ ಮೇಲೆ ಒಂದು ಚಿತ್ರ ನಿಂತಿರುತ್ತದೆ, ಕೆಳಗೆ ಮಾತು ಬರುತ್ತದೆ, ಬೆರಳಿನಿಂದ ಒತ್ತಿದರೆ ಮುಂದಿನ ಮಾತು. ನಡುನಡುವೆ ಅದು ‘ನಿಜ ಹೇಳಲೇ, ಸುಮ್ಮನಿರಲೇ?’ ಎಂದು ನಮ್ಮನ್ನೇ ಕೇಳುತ್ತದೆ. ನಾವು ಆರಿಸಿದ ಕಡೆಗೆ ಕತೆ ಹೊರಳುತ್ತದೆ, ಅಥವಾ ಹೊರಳಬೇಕು.

ಮೂರು ವರ್ಷ ರಜೆಯನ್ನೂ ನಿದ್ದೆಯನ್ನೂ ಸುರಿದು ಫ್ರೇಮಣ್ಣ ಒಂದು ಕತೆಯನ್ನು ಮುಗಿಸಿದ್ದ. ಏನದು ಎಂದು ಯಾರಾದರೂ ಕೇಳಿದರೆ ಕಣ್ಣು ಅರೆಮುಚ್ಚಿ, “ಒಂದು ಒಂಟಿ ಆತ್ಮದ ಒಳಪಯಣ” ಎನ್ನುತ್ತಿದ್ದ. ಕೇಳಿದವರು ಮತ್ತೆ ಕೇಳುತ್ತಿರಲಿಲ್ಲ. ಹೆಂಡತಿಗೆ ತೋರಿಸಿರಲಿಲ್ಲ. ತಿಂಗಳಿಂದ ಮನೆಯಲ್ಲಿದ್ದ ಅತ್ತೆಗಂತೂ ಆ ಪರದೆಯ ಕಡೆ ಇಣುಕಲೂ ಬಿಟ್ಟಿರಲಿಲ್ಲ. ಸಾಮಾನ್ಯರಿಗೆ ಅರ್ಥವಾಗುವ ವಸ್ತುವಲ್ಲ ಎಂದು ಅವನ ನಂಬಿಕೆ. ಹೆತ್ತವರಿಗೆ ಹೆಗ್ಗಣ ಮುದ್ದು. ಇವನಂತೂ ಹೆಗ್ಗಣವನ್ನು ಬಟ್ಟೆಯಲ್ಲಿ ಸುತ್ತಿ ಬಚ್ಚಿಟ್ಟಿದ್ದ.

ಇಂಥ ಕತೆ ಮಾಡುವವರದೂ ಆಡುವವರದೂ ಊರಲ್ಲಿ ಒಂದು ಗುಂಪಿತ್ತು. ನಾನು ನಿನ್ನದನ್ನು ಆಡಿ ಅಭಿಪ್ರಾಯ ಹೇಳುತ್ತೇನೆ, ನೀನು ನನ್ನದನ್ನು ಆಡಿ ಹೇಳು ಎಂಬ ಒಪ್ಪಂದ. ಮುಖ ನೋಡಿ ಮಣೆ ಹಾಕಬಾರದೆಂದು ಮಾಡಿದವರ ಹೆಸರು ತೆಗೆದು, ಪ್ರತಿ ಕತೆಗೂ ಒಂದು ತರಕಾರಿಯ ಹೆಸರೂ ಚಿತ್ರವೂ ಅಂಟಿಸುತ್ತಿದ್ದರು. ಫ್ರೇಮಣ್ಣನ ಒಂಟಿ ಆತ್ಮ ‘ಮೂಲಂಗಿ’ಯಾಗಿತ್ತು. ಚೀಟಿ ಎತ್ತಿದಾಗ ಮೂಲಂಗಿ ಹೋದದ್ದು ಗುಂಪಿನ ಮುಖ್ಯಸ್ಥೆ ಹಲ್ಲು ಡಾಕ್ಟರಿಗೆ. ಆಕೆ ಹಲ್ಲನ್ನೂ ಕತೆಯನ್ನೂ ಒಂದೇ ಥರ ತಟ್ಟಿ ನೋಡುವ ಹೆಂಗಸು. ಮುಂದಿನ ತಿಂಗಳ ಪ್ರದರ್ಶನದಲ್ಲಿ ಯಾವ ಕತೆಗೆ ಮೇಜು ಸಿಗಬೇಕೆಂದು ಹೇಳುವವರೂ ಆಕೆಯೇ. ಆ ಮೇಜು ಸಿಕ್ಕರೆ ಮೂರು ವರ್ಷ ಸಾರ್ಥಕ. ಆದರೆ ಒಂದು ನಿಯಮವಿತ್ತು: ತನ್ನ ಪಾಲಿನ ತರಕಾರಿಯನ್ನು ಕೊನೆತನಕ ಆಡಿ ಎಲ್ಲರೆದುರು ಅಭಿಪ್ರಾಯ ಹೇಳದವನ ಕತೆಗೆ ಮೇಜೂ ಇಲ್ಲ, ಮಾತೂ ಇಲ್ಲ.

ಫ್ರೇಮಣ್ಣನ ಪಾಲಿಗೆ ಬಂದದ್ದು ಬದನೆಕಾಯಿ. ಸಭೆ ಭಾನುವಾರ ಸಂಜೆ. ಭಾನುವಾರ ಬೆಳಿಗ್ಗೆಯಾದರೂ ಅವನು ಬದನೆಕಾಯಿಯನ್ನು ಮುಟ್ಟಿರಲಿಲ್ಲ. ವಾರವಿಡೀ ಮೂಲಂಗಿಯನ್ನೇ ತೆಗೆದು ತೆಗೆದು ನೋಡಿ ಆನಂದಿಸಿದ್ದ. ಇವತ್ತು ಕೂತು ಆಡಿದರಾಯಿತು ಎಂದುಕೊಳ್ಳುವಾಗಲೇ ಅಂಗಡಿಯ ಯಜಮಾನರ ಫೋನು ಬಂತು.

“ಫ್ರೇಮಣ್ಣ, ಸರಕು ಎಣಿಸಬೇಕು. ಈಗಲೇ ಬಾ.”

“ಸಾರ್, ಇವತ್ತು ಸ್ವಲ್ಪ...”

“ಸ್ವಲ್ಪ ಅಲ್ಲ, ಪೂರ್ತಿ ಎಣಿಸಬೇಕು.”

ಹೆಂಡತಿ ಆಸ್ಪತ್ರೆಯ ಪಾಳಿಗೆ ಹೋಗಿದ್ದಳು. ಮನೆಯಲ್ಲಿ ಉಳಿದದ್ದು ಅತ್ತೆ. ಫ್ರೇಮಣ್ಣ ಮೂರು ವರ್ಷದ ಹೆಮ್ಮೆಯನ್ನು ನುಂಗಿಕೊಂಡು ಆಕೆಯನ್ನು ಕಂಪ್ಯೂಟರಿನ ಮುಂದೆ ಕೂರಿಸಿದ.

“ಅತ್ತೆ, ಒಂದು ಉಪಕಾರ. ಇಲ್ಲಿ ಬದನೆಕಾಯಿ ಚಿತ್ರ ಇದೆಯಲ್ಲ, ಅದನ್ನ ಒತ್ತಿ. ಕತೆ ಬರುತ್ತೆ. ಓದ್ತಾ ಓದ್ತಾ ಒತ್ತುತ್ತಾ ಹೋಗಿ. ನಿಮಗೇನನ್ನಿಸುತ್ತೋ ನಾನು ಫೋನ್ ಮಾಡ್ದಾಗ ಹೇಳಿ.”

“ಬದನೆಕಾಯಾ?” ಅತ್ತೆ ಮುಖ ಕಿವುಚಿದರು.

“ಬರೀ ಚಿತ್ರ ಅತ್ತೆ. ನಿಮ್ಮದೇ ಕತೆ ಅನ್ಕೊಂಡು ಓದಿ. ದಾಕ್ಷಿಣ್ಯ ಬೇಡ.”

“ದಾಕ್ಷಿಣ್ಯ ನನಗ್ಯಾಕೆ? ನನ್ನ ಮಗಳನ್ನ ಕೊಟ್ಟಾಗಲೇ ಎಲ್ಲಾ ಖರ್ಚಾಯ್ತು” ಎಂದರು ಅತ್ತೆ, ಕುರ್ಚಿಯನ್ನು ಎಳೆದುಕೊಳ್ಳುತ್ತ. ಫ್ರೇಮಣ್ಣ ಓಡಿದ.

ಅವನ ಫೋನಿನ ಕಿವಿ ಕೆಟ್ಟು ತಿಂಗಳಾಗಿತ್ತು. ಯಾರು ಮಾತಾಡಿದರೂ ಸ್ಪೀಕರಿನಲ್ಲಿ ಊರಿಗೆಲ್ಲ ಕೇಳುವಂತೆ ಕೇಳಬೇಕು. ಹಾಗಾಗಿ ಅತ್ತೆಯ ಮೊದಲ ವರದಿ ಅಂಗಡಿಯ ಅಷ್ಟೂ ಕನ್ನಡಿಗಳ ನಡುವೆ ಮೊಳಗಿತು.

“ಅಳಿಯಂದ್ರೇ, ಇಲ್ಲೊಬ್ಬ ಉಂಡಾಡಿ ಇದಾನೆ.”

“ಉಂಡಾಡಿನಾ?”

“ಹೂಂ. ಕೆಲಸ ಇಲ್ಲ ಕಾರ್ಯ ಇಲ್ಲ. ಕತೆ ಶುರುವಾದಾಗಿನಿಂದ ಅದೇ ಅಂಗಿ. ಒಂದು ಹುಡುಗಿ ಪಾಪ ಬಾಗಿಲು ಬಡೀತಾ ಇದಾಳೆ. ತೆಗೀದೆ ಯೋಚನೆ ಮಾಡ್ತಿದಾನೆ. ನಾನು ಹೋಗಿ ಪಾತ್ರೆ ತೊಳೆದು ಬಂದೆ. ಇನ್ನೂ ಯೋಚನೆ ಮಾಡ್ತಿದಾನೆ.”

ಎಣಿಸುತ್ತಿದ್ದ ಯಜಮಾನರು ತಲೆಯೆತ್ತಿ, “ನನ್ನ ಭಾವಮೈದ ಇದ್ದ ಹಾಗಿದಾನೆ” ಎಂದರು.

ಫ್ರೇಮಣ್ಣನಿಗೆ ಬದನೆಕಾಯಿ ಮಾಡಿದವರ ಮೇಲೆ ಕನಿಕರ ಉಕ್ಕಿತು. ಪಾಪ, ಪಾತ್ರಕ್ಕೆ ಆಳವೇ ಇಲ್ಲ. ಅಂಗೈಯಲ್ಲಿ ‘ಉಂಡಾಡಿ, ಅಂಗಿ, ಬಾಗಿಲು’ ಎಂದು ಬರೆದುಕೊಂಡ.

ಮುಂದಿನ ಕರೆಯಲ್ಲಿ ಎರಡು ದನಿಗಳಿದ್ದವು. ಪತ್ರಿಕೆ ಕೇಳಲು ಮೇಲೆ ಬಂದ ಕೆಳಮನೆ ಮೇಷ್ಟ್ರು, ನಿವೃತ್ತಿಯಾದ ಮೇಲೆ ತಿದ್ದಲು ಏನೂ ಸಿಗದೆ ಸೊರಗಿದ್ದವರು, ಅತ್ತೆಯ ಪಕ್ಕದಲ್ಲೇ ಕೂತುಬಿಟ್ಟಿದ್ದರು.

“ಒಂದು ವಾಕ್ಯ ಶುರುವಾಯ್ತು ನೋಡಪ್ಪಾ” ಎಂದರು ಮೇಷ್ಟ್ರು, “ಅದು ಮುಗಿಯೋದ್ರೊಳಗೆ ಕರ್ತೃ ಯಾರು ಅನ್ನೋದೇ ನನಗೆ ಮರೆತುಹೋಯ್ತು!”

“ನೀವು ಸುಮ್ನಿರಿ ಮೇಷ್ಟ್ರೇ. ಅಳಿಯಂದ್ರೇ, ಬಾಗಿಲು ತೆಗೀಬೇಕಾ ಬೇಡ್ವಾ ಅಂತ ಏನೋ ಸುತ್ತಿ ಬಳಸಿ ಕೇಳ್ತು. ನಾನು ತೆಗಿ ಅಂತ ಒತ್ತಿದೆ. ತೆಗೆದನಾ? ಇಲ್ಲ! ಮತ್ತೆ ಯೋಚಿಸಿದ. ಹಂಗಾದ್ರೆ ನನ್ನನ್ಯಾಕೆ ಕೇಳ್ಬೇಕಿತ್ತು? ಇವನೂ ಇವನ ನಿಟ್ಟುಸಿರೂ! ಎರಡು ಮಾತಿಗೊಂದು ಸಲ ಉಸ್ ಅಂತಾನೆ. ಆ ಉಸ್ ಎಲ್ಲೋ ಕೇಳಿದ ಹಾಗಿದೆ.”

ನಿಟ್ಟುಸಿರು ಎಲ್ಲ ವಿಷುಯಲ್ ನಾವೆಲ್‌ಗಳಲ್ಲೂ ಇರುತ್ತದೆ, ಅದನ್ನು ಕಲೆಯಾಗಿಸುವುದು ಎಲ್ಲರಿಗೂ ಬರುವುದಿಲ್ಲ ಎಂದುಕೊಂಡ ಫ್ರೇಮಣ್ಣ. ಈ ಚಿಂತನೆಯ ಭರದಲ್ಲಿ ಯಜಮಾನರ ಸ್ವಂತ ಕನ್ನಡಕವನ್ನೂ ಸರಕಿನ ಜೊತೆ ಎಣಿಸಿ ಡಬ್ಬಿಗೆ ಹಾಕಿ ಮುಚ್ಚಿದ. ಕಣ್ಣು ಮಂಜಾದ ಯಜಮಾನರು ಇದ್ದಬದ್ದ ಡಬ್ಬಿಗಳನ್ನೆಲ್ಲ ಮತ್ತೆ ತೆಗೆಸಿದರು. ಕನ್ನಡಕ ಸಿಗುವ ಹೊತ್ತಿಗೆ ಸಂಜೆಯಾಗಿತ್ತು.

“ಅತ್ತೆ, ಸಾಕು. ಬಿಟ್ಟುಬಿಡಿ” ಎಂದು ಫೋನಿನಲ್ಲಿ ಕೂಗುತ್ತ ಫ್ರೇಮಣ್ಣ ಹೊರಟ.

“ಹಿಡಿದ ಕೆಲಸ ಅರ್ಧಕ್ಕೆ ಬಿಡೋದು ನಮ್ಮ ವಂಶದಲ್ಲೇ ಇಲ್ಲ” ಎಂದಿತು ಫೋನು.

ಟೈಪಿಂಗ್ ಶಾಲೆಯ ಮೇಲಿನ ಕೋಣೆಯಲ್ಲಿ ಸಭೆ ಸೇರಿತ್ತು. ಏದುಸಿರು ಬಿಡುತ್ತ ಒಳಬಂದ ಫ್ರೇಮಣ್ಣನನ್ನು ಕಂಡು ಎಲ್ಲರೂ ಮುಸಿಮುಸಿ ನಕ್ಕರು. ಅಂಗಡಿಯ ಹೊಸ ಫ್ರೇಮೊಂದು ಅವನ ಮೂಗಿನ ಮೇಲೇ ಉಳಿದಿತ್ತು. ಅದರ ಬೆಲೆಚೀಟಿ ಕೆನ್ನೆಯ ಮೇಲೆ ತೂಗಾಡುತ್ತಿತ್ತು.

“ಬದನೆಕಾಯಿ ಯಾರ ಪಾಲಿಗೆ?” ಎಂದರು ಹಲ್ಲು ಡಾಕ್ಟರು.

ಫ್ರೇಮಣ್ಣ ಎದ್ದ. ಅಂಗೈ ನೋಡಿಕೊಂಡ. ಬೇರೆಯವರ ಕತೆಯ ಮೇಲೆ ಮಾತಾಡುವ ಸುಖವೇ ಬೇರೆ. ಉಂಡಾಡಿಯಿಂದ ಶುರುಮಾಡಿ, ಒಗೆಯದ ಅಂಗಿಯನ್ನು ಹಿಂಡಿ ಹಾಕಿದ. ಯೋಚನೆ ಮುಗಿಯುವುದರೊಳಗೆ ಪಾತ್ರೆ ತೊಳೆದು ಬರಬಹುದು ಎಂದ. ಕರ್ತೃ ಕಳೆದುಹೋದ ವಾಕ್ಯಗಳ ಬಗ್ಗೆ ಹೇಳಿದಾಗ ಕೋಣೆ ಗೊಳ್ಳೆಂದಿತು. ಮೆಚ್ಚುಗೆ ತಲೆಗೇರಿತು.

“ಬಾಗಿಲು ತೆಗಿ ಅಂತ ಆಟಗಾರ ಹೇಳಿದ್ರೂ ತೆಗೆಯಲ್ಲ ಅಂದ್ರೆ, ಆಟಗಾರನನ್ನ ಯಾಕ್ರೀ ಕೇಳ್ಬೇಕು? ಇದನ್ನ ಮಾಡಿದವರಿಗೆ ಆಟಗಾರರ ಮೇಲೆ ಗೌರವ ಇಲ್ಲ. ಅವರಿಗೆ ಅವರ ಮೇಲೇ ಮೋಹ. ಆ ನಿಟ್ಟುಸಿರು ಇದೆಯಲ್ಲ, ಅದು ದುಃಖ ಅಲ್ಲ, ಅಜೀರ್ಣ!”

ಚಪ್ಪಾಳೆ ಬಿತ್ತು, ಫ್ರೇಮಣ್ಣ ಬೀಗುತ್ತ ಕೂತ. ಹಿಂದಿನ ಸಾಲಿನಿಂದ ಒಬ್ಬಳು ಹುಡುಗಿ ಎದ್ದಳು. ಲಿಫ್ಟ್ ರಿಪೇರಿ ಮಾಡುವವಳು, ಸೊಂಟದಲ್ಲಿ ಇನ್ನೂ ಸ್ಪ್ಯಾನರ್ ಇತ್ತು.

“ಬದನೆಕಾಯಿ ನಂದು” ಎಂದಳು. “ಅದು ಲಾಂಡ್ರಿ ನಡೆಸೋ ಅಕ್ಕ-ತಂಗಿ ಕತೆ. ಅದ್ರಲ್ಲಿ ಗಂಡಸರೇ ಇಲ್ಲ. ಒಗೆಯದ ಅಂಗಿ ಅಂತೂ ಒಂದೂ ಇಲ್ಲ.”

ಹಲ್ಲು ಡಾಕ್ಟರು ಹುಬ್ಬು ಗಂಟಿಕ್ಕಿದರು.

“ಅಂಗಿ, ಬಾಗಿಲು, ನಿಟ್ಟುಸಿರು... ಇದು ನನ್ನ ಪಾಲಿನ ಮೂಲಂಗಿ! ನೀವು ತರಕಾರಿ ತಪ್ಪಿದ್ದೀರಿ ಸಾರ್. ಆದ್ರೂ ಒಳ್ಳೇದೇ ಆಯ್ತು. ನಾನು ಅದನ್ನ ಎರಡೆರಡು ಸಲ ಕೊನೆತನಕ ಆಡಿದೀನಿ. ಏನೋ ಆಳ ಇರ್ಬೇಕು, ನನಗೇ ತಿಳೀಲಿಲ್ಲ ಅನ್ಕೊಂಡು ಮೇಜು ಕೊಡೋಣ ಅಂತಿದ್ದೆ. ನೀವು ಕಣ್ಣು ತೆರೆಸಿದ್ರಿ. ಮೇಜು ರದ್ದು.”

ಫ್ರೇಮಣ್ಣ ಅಂಗೈಯನ್ನು ಮತ್ತೆ ನೋಡಿಕೊಂಡ. ಬಾಗಿಲು! ಅದನ್ನು ಅವನು ಯಾವತ್ತೂ ಬಾಗಿಲು ಎಂದು ಕರೆದೇ ಇರಲಿಲ್ಲ. ಅವನ ಪಾಲಿಗೆ ಅದು ತೆರೆಯದ ಪ್ರಜ್ಞೆ. ಒಂದೇ ಅಂಗಿ ಎಂದರೆ ನಿಂತ ಕಾಲ. ಒತ್ತಿದರೂ ಕೇಳದಿರುವುದು ವಿಧಿ. ಮೂರು ವರ್ಷ ದೊಡ್ಡ ದೊಡ್ಡ ಹೆಸರಿಟ್ಟು ಸಾಕಿದ ಕೂಸನ್ನು, ಯಾರೋ ಅದರ ನಿಜವಾದ ಹೆಸರು ಹಿಡಿದು ಕೂಗಿದಾಗ ಗುರುತೇ ಹಿಡಿದಿರಲಿಲ್ಲ. ಎದೆ ಹಿಂಡಿದಂತಾಯಿತು. ಹಿಂಡಿದವನೂ ತಾನೇ.

“ಮೂಲಂಗಿ ಮಾಡಿದವರು ಯಾರಪ್ಪಾ?” ಡಾಕ್ಟರು ಸುತ್ತ ನೋಡಿದರು. “ಎದ್ದು ನಿಂತು ಈ ಸಾರ್‌ಗೆ ಒಂದು ಥ್ಯಾಂಕ್ಸ್ ಹೇಳಿ. ಇಷ್ಟು ಪ್ರಾಮಾಣಿಕವಾಗಿ ಯಾರು ಹೇಳ್ತಾರೆ?”

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಫ್ರೇಮಣ್ಣ ಕೆನ್ನೆಯ ಮೇಲಿನ ಬೆಲೆಚೀಟಿ ಮುಟ್ಟಿಕೊಂಡ. ಏಳಲಿಲ್ಲ. ತಾನೇ ತನಗೆ ಥ್ಯಾಂಕ್ಸ್ ಹೇಳುವಷ್ಟು ದೊಡ್ಡ ಮನಸ್ಸು ಅವನಿಗಿರಲಿಲ್ಲ.

ಆಗ ಫೋನು ಬಡಿದುಕೊಂಡಿತು. ಕತ್ತರಿಸಿದ. ಮತ್ತೆ ಬಡಿದುಕೊಂಡಿತು. ಮತ್ತೆ ಕತ್ತರಿಸಿದ. ಮೂರನೆಯ ಸಲ ಡಾಕ್ಟರೇ ರೇಗಿ, “ತೆಗೆದು ಮಾತಾಡಿ ಮುಗಿಸ್ರೀ!” ಎಂದರು.

“ಅಳಿಯಂದ್ರೇ!” ಸ್ಪೀಕರು ಕೋಣೆ ತುಂಬ ಅರಳಿತು. “ಮುಗೀತು! ಕೊನೆಗೂ ಮುಗೀತು! ಬಾಗಿಲು ತೆಗೆಯಲೇ ಇಲ್ಲ, ಆ ಹುಡುಗಿ ಎದ್ದು ಹೋದ್ಲು, ಒಳ್ಳೇದಾಯ್ತು. ಆಮೇಲೆ ಹೆಸರುಗಳು ಬಂದ್ವು. ಕತೆ ನೀವು, ಚಿತ್ರ ನೀವು, ಸಂಗೀತ ನೀವು, ನಿಟ್ಟುಸಿರೂ ನೀವೇ! ಅಯ್ಯೋ, ಇದು ನಿಮ್ದೇನಾ?”

ಹೆಸರಿರಬಾರದು ಎಂಬ ನಿಯಮವಿದ್ದರೂ, ಕೊನೆತನಕ ಬಂದ ಪುಣ್ಯಾತ್ಮರಿಗಾದರೂ ತನ್ನ ಹೆಸರು ಗೊತ್ತಾಗಲಿ ಎಂದು ಫ್ರೇಮಣ್ಣ ಕಟ್ಟಕಡೆಯಲ್ಲಿ ಅದನ್ನು ಉಳಿಸಿಕೊಂಡಿದ್ದ.

“ಅತ್ತೆ” ಎಂದ, ದನಿ ಬಾವಿಯ ತಳದಿಂದ ಬಂದಂತಿತ್ತು, “ನಾನು ಬದನೆಕಾಯಿ ಒತ್ತಿ ಅಂದಿದ್ನಲ್ಲ?”

“ನಾನು ಯಾಕ್ರೀ ಬದನೆಕಾಯಿ ಮುಟ್ಲಿ? ನನಗೆ ಮೈ ತುರಿಸುತ್ತೆ ಅಂತ ಗೊತ್ತಿಲ್ವಾ? ಪಕ್ಕದಲ್ಲೇ ಮೂಲಂಗಿ ಇತ್ತು, ಅದನ್ನೇ ಒತ್ತಿದೆ. ನಿಮ್ದು ಅಂತ ಗೊತ್ತಿದ್ರೆ ಸ್ವಲ್ಪ ಮೆತ್ತಗೆ ಹೇಳ್ತಿದ್ದೆ. ಹೇಳೋದು ಇದೇ ಆಗಿರ್ತಿತ್ತು.”

ಲಿಫ್ಟಿನ ಹುಡುಗಿಯೇ ನಿಧಾನವಾಗಿ ಬಾಯಿಬಿಟ್ಟಳು.

“ಡಾಕ್ಟ್ರೇ, ಎರಡು ಸಲ ಕೊನೆತನಕ ಆಡಿದೀನಿ ಅಂದ್ರಲ್ಲ. ಕೊನೇಲಿ ಹೆಸರು ಕಾಣ್ಲಿಲ್ವಾ?”

ಹಲ್ಲು ಡಾಕ್ಟರು ಜೀವನದಲ್ಲಿ ಮೊದಲ ಸಲ ಬಾಯಿ ತೆರೆಯಲು ಹಿಂಜರಿದರು. “ಅದು... ಬಾಗಿಲ ಹತ್ತಿರ... ನಿದ್ದೆ ಬಂದುಬಿಡ್ತು” ಎಂದರು. ಅವರ ಪಕ್ಕದಲ್ಲಿದ್ದ ಎಲೆಕೋಸಿನವರು ತಮ್ಮ ಚಪ್ಪಲಿಯನ್ನೇ ನೋಡತೊಡಗಿದರು. ಸೌತೆಕಾಯಿಯವರಿಗೆ ಕೆಮ್ಮು ಬಂತು. ನೋಡುತ್ತ ನೋಡುತ್ತ ಇಡೀ ಕೋಣೆಗೇ ಕೆಮ್ಮು ಹತ್ತಿತು. ಅಷ್ಟು ಜನರಲ್ಲಿ ಒಬ್ಬರೂ ತಮ್ಮ ಪಾಲಿನ ತರಕಾರಿಯನ್ನು ಪೂರ್ತಿ ತಿಂದಿರಲಿಲ್ಲ.

ಆಮೇಲೆ ಯಾರು ಮೊದಲು ಎದ್ದರೋ ತಿಳಿಯದು. ಸಭೆ ಫ್ರೇಮಣ್ಣನ ಸುತ್ತ ಮುತ್ತಿಕೊಂಡಿತು. ಒಂದು ಗಳಿಗೆ ಅವನಿಗೆ ಆಸೆ ಚಿಗುರಿತು.

“ಸಾರ್, ನಿಮ್ಮ ಅತ್ತೆಯವರ ನಂಬರ್ ಕೊಡ್ತೀರಾ?”

“ನನ್ನದನ್ನೂ ಕೊನೆತನಕ ಆಡ್ತಾರಾ?”

“ಬೈದ್ರೂ ಪರವಾಗಿಲ್ಲ ಸಾರ್, ಮುಗಿಸಿದ್ರೆ ಸಾಕು.”

ಮೇಜುಗಳನ್ನು ಯಾರಿಗೆ ಕೊಡಬೇಕೆಂದು ಇನ್ನು ಮುಂದೆ ಅತ್ತೆಯೇ ಹೇಳಲಿ ಎಂದು ಹಲ್ಲು ಡಾಕ್ಟರು ಅಲ್ಲೇ ಸಾರಿದರು. ಹೆಸರು ಉಳಿಸಿಕೊಂಡದ್ದಕ್ಕೂ, ಪಾಲಿನದನ್ನು ಆಡದಿದ್ದದ್ದಕ್ಕೂ ಮೂಲಂಗಿಯನ್ನು ಆ ವರ್ಷದ ಮಟ್ಟಿಗೆ ಹೊರಗಿಟ್ಟರು. ಆಡದಿದ್ದವರು ಉಳಿದವರೂ ಹೌದಲ್ಲ ಎಂದು ಕೇಳುವ ಶಕ್ತಿ ಫ್ರೇಮಣ್ಣನಿಗೆ ಉಳಿದಿರಲಿಲ್ಲ.

ಎಲ್ಲರ ತರಕಾರಿಗಳನ್ನೂ ತುಂಬಿಕೊಂಡ ಪೆನ್ ಡ್ರೈವ್ ಜೇಬಿನಲ್ಲಿಟ್ಟುಕೊಂಡು ಅವನು ಮನೆಗೆ ಬಂದಾಗ, ಕಂಪ್ಯೂಟರಿನ ಮುಂದೆ ಅತ್ತೆ ಒಂದು ಕುರ್ಚಿಯಲ್ಲಿ, ಮೇಷ್ಟ್ರು ಇನ್ನೊಂದರಲ್ಲಿ ಅದಾಗಲೇ ಕಾಯುತ್ತಿದ್ದರು. ಫೋನುಗಳು ಅವನಿಗಿಂತ ಮುಂಚೆ ಬಂದು ಮುಟ್ಟಿದ್ದವು. ಕೂರಲು ಮೂರನೆಯ ಕುರ್ಚಿ ಇರಲಿಲ್ಲ. ಬಾಗಿಲು ತೆಗೆಯುವಂತೆ ಮೂಲಂಗಿಯನ್ನು ಇವತ್ತೇ ತಿದ್ದಿಬಿಡೋಣ ಎಂದು ದಾರಿಯುದ್ದಕ್ಕೂ ಅಂದುಕೊಂಡು ಬಂದವನು ಬಾಗಿಲಲ್ಲೇ ನಿಂತು ಒಂದು ನಿಟ್ಟುಸಿರು ಬಿಟ್ಟ.

“ಅದೇ ಉಸ್!” ಎಂದರು ಮೇಷ್ಟ್ರು.

ಅತ್ತೆ ಹಿಂತಿರುಗದೆ ಕೈ ಚಾಚಿದರು. “ತನ್ನಿ ಇಲ್ಲಿ. ಅಳಿಯಂದ್ರೇ, ಆ ಲಾಂಡ್ರಿ ಕತೆ ಮೊದಲು ಹಾಕಿ. ಆದ್ರೆ ಅದಕ್ಕೆ ಬೇರೆ ತರಕಾರಿ ಚಿತ್ರ ಅಂಟಿಸಿ ಕೊಡಿ, ಆಮೇಲೆ ಮುಟ್ತೀನಿ.”