ತುರ್ತಿಗೆಂದು ಬೀಸಿಸಿಟ್ಟ ಹಿಟ್ಟು

ಆಪತ್ತಿನಿಂದ ಪಾಠ ಕಲಿಯದವರನ್ನು ಕಂಡರೆ ನನಗೆ ಮೊದಲಿನಿಂದಲೂ ಆಗುವುದಿಲ್ಲ. ಲಾಕ್‌ಡೌನ್ ತೆರವಾದದ್ದೇ ತಡ, ನಮ್ಮ ಕೂಡ್ಲಿಗಿಯ ಜನ ಮಿರ್ಚಿ ಬಂಡಿಯ ಮುಂದೆ ಭುಜಕ್ಕೆ ಭುಜ ತಾಗಿಸಿ ನಿಂತು, ಏನೂ ಆಗಿಯೇ ಇಲ್ಲವೆಂಬಂತೆ ಮಂಡಕ್ಕಿ ತಿಂದರು. ನಾನು ತಿನ್ನಲಿಲ್ಲ, ಯೋಚಿಸಿದೆ. ಬಸ್ ನಿಲ್ದಾಣದಲ್ಲಿ ಕಂಟ್ರೋಲರ್ ಆಗಿ ನಿವೃತ್ತನಾದವನು ನಾನು. ಹರಪನಹಳ್ಳಿ ಬಸ್ಸು ಕೆಟ್ಟರೆ ಬದಲಿಗೆ ಯಾವುದನ್ನು ಬಿಡಬೇಕೆಂದು ಅದು ಕೆಡುವ ಮೊದಲೇ ನನಗೆ ಗೊತ್ತಿರುತ್ತಿತ್ತು. ಆ ಬದಲಿ ಬಸ್ಸೂ ಕೆಟ್ಟಿರುತ್ತಿತ್ತು ಎನ್ನುವುದು ಬೇರೆ ಮಾತು. ಯೋಜನೆಯಲ್ಲಿ ಮಾತ್ರ ತಪ್ಪಿರುತ್ತಿರಲಿಲ್ಲ.

ನನ್ನ ಹೆಂಡತಿ ಕೊಟ್ರಮ್ಮ ಮನೆಯಲ್ಲೇ ಜೋಳದ ರೊಟ್ಟಿ ಮಾಡಿ ಖಾನಾವಳಿಗಳಿಗೆ ಕೊಡುತ್ತಾಳೆ. ಓಣಿಯ ಹಾಲಮ್ಮ ಅವಳ ಜೊತೆಗಾತಿ. ಇಂಥ ಉದ್ಯಮಕ್ಕೆ ಆಪತ್ಕಾಲದ ಯೋಜನೆಯೇ ಇಲ್ಲವಲ್ಲ ಎಂಬುದು ನನ್ನ ಕೊರಗು. ಫೋನಿನಲ್ಲಿ ಕೋಟು ತೊಟ್ಟ ತಜ್ಞರೊಬ್ಬರು, ತಂಪು ಕೋಣೆಯಲ್ಲಿ ಕುಳಿತು, ಸರಕು ಸಿಗದೆ ದೊಡ್ಡ ದೊಡ್ಡ ಕಂಪನಿಗಳು ಹೇಗೆ ಮುಳುಗಿದವೆಂದು ವಿವರಿಸುತ್ತಿದ್ದರು. ಉಪದೇಶದ ಸಾರ ಇಷ್ಟೆ: ಸಿಗದೆ ಹೋಗಬಹುದಾದದ್ದನ್ನು ಮೊದಲೇ ಕೂಡಿಡಿ. ಅವರು ಜೀವಮಾನದಲ್ಲಿ ರೊಟ್ಟಿ ಬಡಿದವರಲ್ಲ. ನಾನೂ ಅಲ್ಲ. ಹಾಗಾಗಿ ನಮ್ಮಿಬ್ಬರಲ್ಲಿ ಪೂರ್ಣ ಒಮ್ಮತವಿತ್ತು. ಲಾಕ್‌ಡೌನಿನಲ್ಲಿ ನಮಗೆ ಕೈಕೊಟ್ಟದ್ದು ಹಿಟ್ಟಿನ ಗಿರಣಿ. ಆದ್ದರಿಂದ ಮನೆಯಲ್ಲಿದ್ದ ಜೋಳವನ್ನೆಲ್ಲ ಒಂದೇ ಸಲ ಬೀಸಿಸಿ, ಸ್ಟೀಲ್ ಡ್ರಮ್ಮಿಗೆ ತುಂಬಿ, ಮುಚ್ಚಳ ಬಿಗಿದೆ. ಬೇಕಾದಾಗ ಬೇಕಾದಷ್ಟೇ ಬೀಸಿಸುವ ಕೊಟ್ರಮ್ಮ ಅದನ್ನು ನೋಡಿ, "ಹಿಟ್ಟು ಅಂದ್ರ ಬಸ್ಸಿನ ಸ್ಟೆಪ್ನಿ ಅಂತ ತಿಳಿದೀರೇನ್ರಿ? ಇಟ್ಟಷ್ಟೂ ಜಿಗಿ ಹೋಗತೈತಿ, ರೊಟ್ಟಿ ಬಿರೀತೈತಿ," ಎಂದಳು. ಸುಧಾರಣೆಗೆ ಸಿಬ್ಬಂದಿ ಮೊದಮೊದಲು ಅಡ್ಡಿಪಡಿಸುತ್ತಾರೆಂದು ತಜ್ಞರು ಹೇಳಿಯೇ ಇದ್ದರು. ನಾನು ಸಹನೆಯಿಂದ ನಕ್ಕೆ. ಅವಳು ಬೇರೆ ಜೋಳ ತರಿಸಿಕೊಂಡಳು. ಡ್ರಮ್ಮು ಮೂಲೆಯಲ್ಲಿ ಆಪತ್ತಿಗಾಗಿ ತಿಂಗಳುಗಟ್ಟಲೆ ಕಾಯಿತು.

ಹೀಗಿರುವಾಗ ಹಗರಿಬೊಮ್ಮನಹಳ್ಳಿಯ ಅಡುಗೆ ಗುತ್ತಿಗೆದಾರ ವೀರಣ್ಣ ಒಂದು ನಿಶ್ಚಿತಾರ್ಥಕ್ಕೆ ಮೊದಲ ಸಲ ನಮ್ಮಲ್ಲಿ ರೊಟ್ಟಿ ಹೇಳಿದ. ಸರಿಹೋದರೆ ಅವನು ಹಿಡಿಯುವ ಮದುವೆಗಳ ರೊಟ್ಟಿಯೆಲ್ಲ ನಮ್ಮದೇ. ತಪ್ಪಿದರೆ ಆ ಕಡೆಯ ದಾರಿ ಮುಚ್ಚಿದಂತೆ. ಕೊಟ್ರಮ್ಮ ವಾರವಿಡೀ ಬೇರೆ ಮಾತೇ ಆಡಿರಲಿಲ್ಲ. ರೊಟ್ಟಿ ಕೊಡಬೇಕಾದ ದಿನ ಬೆಳಿಗ್ಗೆ ಜೋಳ ಹೊತ್ತು ಗಿರಣಿಗೆ ಹೋದ ಹಾಲಮ್ಮ ಹಾಗೆಯೇ ಹೊತ್ತು ಬಂದಳು. ಲೈನ್ ದುರಸ್ತಿಯಂತೆ, ಸಂಜೆಯವರೆಗೆ ಕರೆಂಟಿಲ್ಲ. ಹೆಂಗಸರಿಬ್ಬರ ಮುಖವೂ ಇಳಿಯಿತು. ನನ್ನದು ಅರಳಿತು. ಇಷ್ಟು ಅಚ್ಚುಕಟ್ಟಾದ ಆಪತ್ತು ಹೇಳಿಕಳುಹಿಸಿದರೂ ಬರುವುದಿಲ್ಲ. ಓಣಿಯಲ್ಲಿ ಹಿಟ್ಟು ಕಡ ಕೇಳೋಣವೆಂದಳು ಹಾಲಮ್ಮ. ಮನೆಯಲ್ಲಿ ಡ್ರಮ್ಮು ತುಂಬ ಹಿಟ್ಟಿಟ್ಟುಕೊಂಡು ನೆರೆಮನೆಗೆ ಕೈಯೊಡ್ಡುವುದು ಯೋಜನೆಗೇ ಅವಮಾನವೆಂದು ನಾನು ಬಾಗಿಲಿಗೆ ಅಡ್ಡ ನಿಂತೆ.

ಕೊಟ್ರಮ್ಮ ಡ್ರಮ್ಮಿನ ಹಿಟ್ಟಿಗೆ ಕುದಿಯುವ ನೀರು ಹಾಕಿ ನಾದಿದಳು, ಬಡಿದಳು. ರೊಟ್ಟಿ ಅಂಗೈಯಗಲ ಆಗುವಷ್ಟರಲ್ಲಿ ಅಂಚು ಬಿರಿಯಿತು. ಎತ್ತಿದರೆ ಎರಡಾಯಿತು, ಹಂಚಿಗೆ ಬೀಳುವಾಗ ನಾಲ್ಕು. "ಯಕ್ಕಾ, ವೀರಣ್ಣಗ ರೊಟ್ಟಿ ಜೋಡಿ ಗೋಂದೂ ಕಳಿಸಬೇಕಾಕ್ಕತಿ," ಎಂದಳು ಹಾಲಮ್ಮ. ನಾನು ಹಿಂದೆ ನಿಂತು, ಕೈಯನ್ನು ಹಾಗಲ್ಲ ಹೀಗೆ ತಿರುಗಿಸಬೇಕೆಂದು ಸೂಚನೆ ಕೊಡುತ್ತಿದ್ದೆ.

ಕೊಟ್ರಮ್ಮ ನನ್ನ ಕಡೆ ತಿರುಗಿದಳು. ಮುಖದಲ್ಲಿ ಸಿಟ್ಟಿರಲಿಲ್ಲ, ಅಲ್ಲಿಯೇ ನನಗೆ ಅನುಮಾನ ಬರಬೇಕಿತ್ತು. "ಈ ಹಂಚು ಸರಿ ಇಲ್ಲರಿ. ಇಟ್ಟಿಗಿ ಊರಾಗ ನಮ್ಮಕ್ಕನ ಮನ್ಯಾಗ ದೊಡ್ಡ ಹಂಚು ಐತಿ. ನೀವ ಹೋದ್ರ ಮಾತ್ರ ಕೊಡ್ತಾಳ," ಎಂದಳು. ಅಂತೂ ತಪ್ಪು ಹಿಟ್ಟಿನದಲ್ಲವೆಂದು ಒಪ್ಪಿದಳಲ್ಲ! ಇಸ್ತ್ರಿ ಅಂಗಿ ತೊಟ್ಟು, ಕೊಟ್ಟೂರಿನಲ್ಲಿ ಬಸ್ಸು ಬದಲಿಸಿ ಇಟ್ಟಿಗಿ ಮುಟ್ಟಿದೆ. ಅಕ್ಕ ಆತುರವಿಲ್ಲದೆ ಊಟಕ್ಕಿಟ್ಟಳು, ಚಾಪೆ ಹಾಸಿದಳು. ಉಂಡ ಮೇಲೆ ಮಲಗಿಸಿಯೇ ಕಳಿಸಬೇಕೆಂದು ಕೊಟ್ರಮ್ಮ ಫೋನ್ ಮಾಡಿದ್ದಳಂತೆ. ಅಷ್ಟು ಗಡಿಬಿಡಿಯಲ್ಲೂ ನನ್ನ ನಿದ್ದೆಯ ಬಗ್ಗೆ ಅವಳಿಗಿದ್ದ ಕಾಳಜಿ ಕಂಡು ಕಣ್ಣು ತೇವವಾಯಿತು.

ಹಂಚನ್ನು ತೊಡೆಯ ಮೇಲಿಟ್ಟುಕೊಂಡು ಸಂಜೆ ಬಂದರೆ ಒಲೆ ಆರಿತ್ತು, ರೊಟ್ಟಿ ವೀರಣ್ಣನ ಗಾಡಿಯಲ್ಲಿ ಹೋಗಿಯಾಗಿತ್ತು. ನಾನು ಓಣಿ ದಾಟಿದ್ದೇ ತಡ, ಹಾಲಮ್ಮ ಆಗಷ್ಟೇ ಹಿಟ್ಟು ಬೀಸಿಸಿಟ್ಟವರ ಮನೆಗಳಿಗೆಲ್ಲ ಹೋಗಿ ಕಡ ತಂದಳಂತೆ. ಕೊಟ್ಟವರು ತಾವೂ ಬಂದು ಕುಳಿತು ಬಡಿದರಂತೆ.

ಮರುದಿನ ವೀರಣ್ಣ ತಾನೇ ಬಂದು, ಎರಡು ಮದುವೆಗಳಿಗೆ ರೊಟ್ಟಿ ಹೇಳಿ, ಕರೆಂಟಿಲ್ಲದೆ ಹೇಗೆ ಸಂಭಾಳಿಸಿದಿರೆಂದು ಕೇಳಿದ. ನಾನು ಉತ್ತರಕ್ಕಾಗಿ ಗಂಟಲು ಸರಿಮಾಡಿಕೊಂಡೆ. "ಏನಿಲ್ಲಣ್ಣ," ಎಂದಳು ಕೊಟ್ರಮ್ಮ, "ಆಪತ್ತು ಬಂದ್ರ ಮೊದಲು ಇವರನ್ನ ಇಟ್ಟಿಗಿ ಬಸ್ಸಿಗೆ ಹತ್ತಿಸಿಬಿಡ್ತೀವಿ." ವೀರಣ್ಣ ಗಂಭೀರವಾಗಿ ತಲೆಯಾಡಿಸಿ, "ಛಲೋ ಪದ್ಧತಿ ಐತ್ರಿ," ಎಂದ.

ಈಗ ದೊಡ್ಡ ಆರ್ಡರ್ ಇದ್ದ ದಿನ ಯಾರೂ ಹೇಳದೆಯೇ ಮೊದಲ ಬಸ್ಸಿಗೆ ನಾನು ನಿಲ್ದಾಣದಲ್ಲಿರುತ್ತೇನೆ. ಹಂಚನ್ನೂ ಹೋದ ಸಲ ಇಟ್ಟಿಗಿಯಲ್ಲೇ ವಾಪಸು ಇಟ್ಟು ಬಂದೆ. ಮುಂದಿನ ಆಪತ್ತಿಗೆ ನಾನು ತರಲು ಏನಾದರೂ ಇರಬೇಕಲ್ಲ.